ಕಲ್ಗೋರಿಯ ಕಿಂಡಿಯ ಬಗ್ಗೆ ಹುಸಿವಾದ ನಡೆಸುವ ಕ್ರಮ

ಉಪಯೋಗ ತಿಳಿಯದ ವಸ್ತುವನ್ನೆಲ್ಲ ‘ಆಚರಣೆಗೆ ಸಂಬಂಧಿಸಿದ್ದು’ ಎಂದು ಬರೆದುಬಿಡುತ್ತಾರೆ ಎಂಬುದು ಪುರಾತತ್ವದವರು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಹಳೆಯ ಮಾತು. ಈ ಚಾಳಿಯನ್ನು ಬಿಡಿಸಲು ಚಿತ್ರದುರ್ಗದ ಇತಿಹಾಸ ವಿದ್ಯಾರ್ಥಿಗಳು ಒಂದು ಸಂಜೆಯ ಹುಸಿವಾದವನ್ನು, ಅಂದರೆ ಆಟಕ್ಕೆಂದು ಪಕ್ಷ ಹಿಡಿದು ನಡೆಸುವ ಚರ್ಚೆಯನ್ನು, ಏರ್ಪಡಿಸಬಹುದು. ಅದಕ್ಕೆ ಐದಾರು ಮಂದಿಯೂ ಒಂದೇ ಒಂದು ಪುರಾವೆಯೂ ಸಾಕು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಕಲ್ಗೋರಿಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಈ ಕಲ್ಲಿನ ಪೆಟ್ಟಿಗೆಗಳ ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿಯಿದ್ದು, ಒಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಸಾಮಾನುಗಳು, ಹಲವರ ಬಿಡಿ ಮೂಳೆಗಳು ದೊರೆತಿವೆ. ಕಿಂಡಿ ಏತಕ್ಕೆ ಎಂಬುದೇ ವಾದದ ವಿಷಯ.

ಪಕ್ಷಗಳನ್ನು ಚೀಟಿ ಎತ್ತಿ ಹಂಚಬೇಕು. ತಾನು ನಂಬದ ಪಕ್ಷ ಸಿಕ್ಕವನೇ ಚೆನ್ನಾಗಿ ವಾದಿಸುತ್ತಾನೆಂಬುದು ನನ್ನ ಅನುಭವ. ಒಬ್ಬರು ಕಿಂಡಿಯನ್ನು ಸತ್ತವರ ಆತ್ಮದ ಬಾಗಿಲೆನ್ನಲಿ. ಇನ್ನೊಬ್ಬರು, ಮನೆಯಲ್ಲಿ ಮತ್ತೊಂದು ಸಾವಾದಾಗಲೆಲ್ಲ ಮೇಲಿನ ಭಾರದ ಚಪ್ಪಡಿಯನ್ನು ಎತ್ತಲಾಗದೆ ಮೂಳೆಗಳನ್ನು ಒಳಗಿಡಲು ಮಾಡಿಕೊಂಡ ಬರಿಯ ಅನುಕೂಲವೆನ್ನಲಿ. ಆದರೆ ಬಾಯಿ ತೆರೆಯುವ ಮೊದಲೇ, ಯಾವ ಪುರಾವೆ ಸಿಕ್ಕರೆ ತನ್ನ ವಾದ ಬೀಳುತ್ತದೆಂಬುದನ್ನು ಪ್ರತಿಯೊಬ್ಬರೂ ಬರೆದಿಡಬೇಕು. ಮೂಳೆಗಳೆಲ್ಲ ಒಂದೇ ಸಲ ಇಟ್ಟವೆಂದು ಮಣ್ಣಿನ ಪದರಗಳು ತೋರಿಸಿದರೆ ಅನುಕೂಲದ ಪಕ್ಷ ಸೋಲುತ್ತದೆ. ಆತ್ಮದ ಪಕ್ಷ ನುಣುಚಿಕೊಳ್ಳುವ ಪಕ್ಷ, ಏಕೆಂದರೆ ಆತ್ಮ ಮಣ್ಣಿನಲ್ಲಿ ಗುರುತು ಬಿಡುವುದಿಲ್ಲ. ಆದ್ದರಿಂದ ಅದನ್ನು ದಿಕ್ಕಿಗೆ ಕಟ್ಟಿಹಾಕಬೇಕು. ಪೂರ್ವಕ್ಕೆ ಅರ್ಥವಿದ್ದರೆ ನೆಲದ ಇಳಿಜಾರು ಹೇಗೇ ಇರಲಿ, ಕಿಂಡಿ ಪೂರ್ವಕ್ಕೇ ಇರಬೇಕು. ಇಳಿಜಾರಿನೊಡನೆ ದಿಕ್ಕೂ ಬದಲಾಗಿದ್ದರೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕು.

ಇಂದಿನ ಆಚರಣೆಯನ್ನು ಹೋಲಿಕೆಗೆ ತರಬಹುದು, ತೀರ್ಪಿಗಲ್ಲ. ತೆಲಂಗಾಣದ ಉತ್ನೂರಿನ ನವಶಿಲಾಯುಗದ ಬೂದಿದಿಬ್ಬವನ್ನು ಅಗೆದು ದನಗಳ ಗೊರಸಿನ ಗುರುತುಗಳನ್ನು ಕಂಡ ಪುರಾತತ್ವಜ್ಞ ಆಲ್ಚಿನ್, ಸುಟ್ಟ ಸಗಣಿಯ ಆ ರಾಶಿಯನ್ನು ವಿವರಿಸಲು ದನಗಳಿಗೆ ಕಿಚ್ಚು ಹಾಯಿಸುವಂಥ ಹಬ್ಬಗಳನ್ನು ನೆನೆದರು. ಹಾಗೆಂದು ನಮ್ಮ ದನಗಾಹಿ ಮ್ಯಾಸಬೇಡರ ದೇವರ ಎತ್ತುಗಳನ್ನೂ ಅವನ್ನು ಕಾಯುವ ಕಿಲಾರಿಯನ್ನೂ ನೇರವಾಗಿ ನವಶಿಲಾಯುಗಕ್ಕೆ ಅಟ್ಟಿದರೆ ನಡುವಿನ ಸಾವಿರಾರು ವರ್ಷಗಳಿಗೆ ಯಾರು ಉತ್ತರ ಹೇಳುತ್ತಾರೆಂದು ಎದುರಾಳಿ ಕೇಳಲೇಬೇಕು.

ಸೋತವರು ಮಂಡಕ್ಕಿ, ಮೆಣಸಿನಕಾಯಿ ಕೊಡಿಸತಕ್ಕದ್ದು. ಇಬ್ಬರೂ ಸೋಲುವ ಸಂಜೆಗಳೇ ಹೆಚ್ಚಾದ್ದರಿಂದ ಖರ್ಚನ್ನು ಮೊದಲೇ ಹಂಚಿಕೊಂಡಿರುವುದು ಒಳ್ಳೆಯದು.