ಕಾಣದ ಹಗ್ಗವನ್ನು ನಂಬಿಸುವುದು: ಎಳೆಯ ಕುದುರೆಗೆ ಉದ್ದ ಲಗಾಮು ಕಲಿಸಿದ ನನ್ನ ಅನುಭವ

ಎಳೆಯ ಕುದುರೆಯ ಬೆನ್ನೇರುವ ಮುನ್ನವೇ, ಅದರ ಹಿಂದೆ ನಡೆಯುತ್ತ ಎರಡು ಉದ್ದನೆಯ ಲಗಾಮುಗಳ ಮೂಲಕ ಹೊರಡುವುದನ್ನೂ ನಿಲ್ಲುವುದನ್ನೂ ತಿರುಗುವುದನ್ನೂ ಕಲಿಸುವ ಪದ್ಧತಿಗೆ ಲಾಂಗ್ ರೇನಿಂಗ್ ಎನ್ನುತ್ತಾರೆ. 3 ವರ್ಷ ತುಂಬಿದ್ದ ಒಂದು ಹೆಣ್ಣುಕುದುರೆಗೆ ನಾನು ಇದನ್ನು ಕಲಿಸಿದೆ. ಆ ವೇಳೆಗೆ ಅವಳು ಒಂದೇ ಹಗ್ಗದಲ್ಲಿ ವೃತ್ತಾಕಾರವಾಗಿ ನಡೆಯುವುದನ್ನು, ಅಂದರೆ ಲಂಜಿಂಗ್ ಅನ್ನು, ಚೆನ್ನಾಗಿ ಬಲ್ಲವಳಾಗಿದ್ದಳು; ನಡೆ, ನಿಲ್ಲು ಎಂಬ ನನ್ನ ಮಾತುಗಳು ಅವಳಿಗೆ ಅರ್ಥವಾಗುತ್ತಿದ್ದವು. ಮಾತಿಗೆ ನಿಲ್ಲದ ಕುದುರೆಗೆ ಎರಡನೆಯ ಹಗ್ಗ ಕಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಪಶುವೈದ್ಯರಿಂದ ಅವಳ ಬಾಯಿ ಪರೀಕ್ಷೆ ಮಾಡಿಸಿದೆ. ಸುಮಾರು ಎರಡೂವರೆಯಿಂದ ನಾಲ್ಕೂವರೆ ವರ್ಷದ ನಡುವೆ ಕುದುರೆಯ ಬಾಚಿಹಲ್ಲುಗಳು ಜೋಡಿಜೋಡಿಯಾಗಿ ಬಿದ್ದು ಹೊಸದಾಗಿ ಹುಟ್ಟುತ್ತವೆ, ದವಡೆಹಲ್ಲುಗಳೂ ಬದಲಾಗುತ್ತಿರುತ್ತವೆ. ನೋಯುವ ಬಾಯಿಗೆ ಕಡಿವಾಣ ಹಾಕಿ ಪಾಠ ಹೇಳಿದರೆ ಕುದುರೆ ಕಲಿಯುವುದು ನೋವನ್ನೇ. ಆದ್ದರಿಂದ ಆರಂಭದ ದಿನಗಳಲ್ಲಿ ಲಗಾಮುಗಳನ್ನು ಕಡಿವಾಣಕ್ಕೆ ಕಟ್ಟದೆ, ಮೂಗಿನ ಮೇಲೆ ಉಂಗುರಗಳಿರುವ ಕ್ಯಾವೆಸನ್ ಎಂಬ ಮುಖಪಟ್ಟಿಗೆ ಕಟ್ಟಿದೆ. ಬೆನ್ನಿಗೆ ಎರಡೂ ಪಕ್ಕ ಉಂಗುರಗಳುಳ್ಳ ರೋಲರ್ ಪಟ್ಟಿ ಬಿಗಿದೆ. ಲಗಾಮುಗಳು ತಲಾ 8 ಮೀಟರ್ ಉದ್ದದವು, ಹಗುರವಾದ ಹತ್ತಿಯವು. ಹಗ್ಗದ ಭಾರ ಮುಂದಿನ ತುದಿಯಲ್ಲಿ ಕುದುರೆಯ ತಲೆಯನ್ನೂ ಜಗ್ಗುವುದರಿಂದ, ದಪ್ಪ ಹಗ್ಗವನ್ನು ಹಿಡಿದು ಎಷ್ಟು ಮೃದುವಾಗಿ ನಡೆಸಿದರೂ ಆ ಮೃದುತ್ವ ಅದಕ್ಕೆ ತಲುಪುವುದಿಲ್ಲ.

ಇಡೀ ಕೆಲಸದ ಕಷ್ಟ ಇರುವುದು ಹಿಂಭಾಗದಲ್ಲಿ. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಕುದುರೆಗೆ ಸುತ್ತಲಿನದು ಬಹುಪಾಲು, ಹೆಚ್ಚುಕಡಿಮೆ 350 ಡಿಗ್ರಿಯಷ್ಟು, ಕಾಣುತ್ತದೆ. ಆದರೆ ಬಾಲದ ನೇರ ಹಿಂದಿನದು ಕಾಣುವುದಿಲ್ಲ. ನಾವು ಹಗ್ಗ ತಾಗಿಸುವುದೂ ನಡೆಯಬೇಕಾದದ್ದೂ ಅದರ ಆಸುಪಾಸಿನಲ್ಲಿಯೇ. ಬೆನ್ನಟ್ಟಿ ಬರುವುದರಿಂದ ಓಡಿ ಬದುಕಿದ ಪ್ರಾಣಿಯ ವಂಶಕ್ಕೆ ಇದು ಸಣ್ಣ ಬೇಡಿಕೆಯಲ್ಲ. ಹಾಗಾಗಿ ಎರಡು ವಾರ ಲಗಾಮಿನ ಮಾತೇ ಎತ್ತದೆ, ಸಹಾಯಕನೊಬ್ಬ ತಲೆಯ ಬಳಿ ನಿಂತಿರುವಾಗ, ಮೆತ್ತನೆಯ ಹಗ್ಗವೊಂದನ್ನು ಅವಳ ಬೆನ್ನು, ಸೊಂಟ, ತೊಡೆ, ಹಿಂಗಾಲುಗಳ ಮೇಲೆ ನಿಧಾನವಾಗಿ ಹರಿಸುತ್ತಿದ್ದೆ. ಎಡಪಕ್ಕ ಒಪ್ಪಿಕೊಂಡದ್ದನ್ನು ಬಲಪಕ್ಕದಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಹಗ್ಗ ತಾಗಿದ ಮೊದಲ ದಿನ ಅವಳ ತೊಡೆಯ ಚರ್ಮ ನೊಣ ಕುಳಿತಂತೆ ಅದುರಿತು, ಒಂದು ಕಿವಿ ಪೂರ್ತಿ ಹಿಂದಕ್ಕೆ ತಿರುಗಿ ನನ್ನ ಕೈಯನ್ನೇ ಆಲಿಸುತ್ತಿತ್ತು. ಅದುರು ನಿಂತು, ಅವಳು ಉಸಿರು ಬಿಟ್ಟು, ತುಟಿ ಸಡಿಲಿಸಿ ಬಾಯಾಡಿಸುವವರೆಗೂ ನಾನು ಹಗ್ಗವನ್ನು ತೆಗೆಯಲಿಲ್ಲ. ಬೆದರಿದ ಕ್ಷಣದಲ್ಲಿ ತೆಗೆದಿದ್ದರೆ, ಬೆದರಿದರೆ ಹಗ್ಗ ಹೋಗುತ್ತದೆ ಎಂಬುದನ್ನೇ ಕಲಿಸಿದಂತಾಗುತ್ತಿತ್ತು.

ನಂತರ ದೊಡ್ಡ ವೃತ್ತದಲ್ಲಿ ಎರಡೂ ಲಗಾಮು ಹಿಡಿದೆ: ಒಳಗಿನದು ನೇರವಾಗಿ ನನ್ನ ಕೈಗೆ, ಹೊರಗಿನದು ಬೆನ್ನಿನ ಮೇಲಿಂದ. ಅವಳು ಶಾಂತವಾಗಿ ನಡೆಯತೊಡಗಿದ ಮೇಲೆ ಹೊರಗಿನದನ್ನು ಜಾರಿಸಿ, ಹಿಂಗಾಲಿನ ನಡುಗೀಲಿಗಿಂತ ತುಸು ಮೇಲೆ ತೊಡೆಯನ್ನು ಬಳಸಿ ಬರುವಂತೆ ಮಾಡಿದೆ. ಎರಡು ಲಗಾಮುಗಳ ತುದಿಗಳನ್ನು ಒಂದಕ್ಕೊಂದು ಗಂಟು ಹಾಕಲಿಲ್ಲ, ಕೈಗೆ ಸುತ್ತಿಕೊಳ್ಳಲಿಲ್ಲ, ಕೈಗವಸು ಮತ್ತು ಹೆಲ್ಮೆಟ್ ಇಲ್ಲದೆ ಒಳಗೆ ಕಾಲಿಡಲಿಲ್ಲ. ಈ ಎಚ್ಚರಿಕೆ ನಾಲ್ಕನೆಯ ದಿನವೇ ಕೆಲಸಕ್ಕೆ ಬಂತು. ತಿರುವಿನಲ್ಲಿ ಹೊರಗಿನ ಲಗಾಮನ್ನು ನಾನು ಸ್ವಲ್ಪ ಮೇಲೆತ್ತಿದ್ದರಿಂದ ಅದು ಬಾಲದಡಿ ಸೇರಿತು. ಅವಳು ಬಾಲವನ್ನು ಬಿಗಿಯಾಗಿ ಒತ್ತಿಕೊಂಡು ಹಾರಿದಳು. ಎಳೆದಷ್ಟೂ ಹಗ್ಗ ಅಲ್ಲೇ ಉಜ್ಜುತ್ತದೆ, ಭಯ ಇಮ್ಮಡಿಸುತ್ತದೆ. ಆ ಲಗಾಮನ್ನು ಪೂರ್ತಿ ಬಿಟ್ಟುಕೊಟ್ಟು, ಒಳಗಿನದೊಂದರಿಂದಲೇ ಅವಳನ್ನು ವೃತ್ತದಲ್ಲಿ ಉಳಿಸಿಕೊಂಡು, ದಿನವೂ ಹೇಳುವ ಅದೇ ದನಿಯಲ್ಲಿ ನಿಲ್ಲು ಎಂದೆ. ಮೂರು ಸುತ್ತಿನ ಮೇಲೆ ನಿಂತಳು. ಕುತ್ತಿಗೆ ಬೆವತಿತ್ತು, ಕಣ್ಣಿನ ಬಿಳಿ ಕಾಣುತ್ತಿತ್ತು. ಮರುದಿನದಿಂದ ಐದು ದಿನ ಲಗಾಮು ಕಟ್ಟದೆ, ಬಾಲದ ಬುಡದಲ್ಲಿ ಹಗ್ಗ ಆಡಿಸುವ ಪಾಠವನ್ನೇ ಮತ್ತೆ ಮಾಡಿದೆ. ಆ ಜಾಗವನ್ನು ನಾನು ಮೊದಲು ಅವಸರದಲ್ಲಿ ದಾಟಿಬಿಟ್ಟಿದ್ದೆನೆಂದು ಆಗ ಸ್ಪಷ್ಟವಾಯಿತು.

ಹಿಂದೆ ನಡೆಯುವ ಹಂತಕ್ಕೆ ಬಂದಾಗ ಒದೆತಕ್ಕೆ ಸಿಗದಷ್ಟು ದೂರದಲ್ಲಿ, ಆದರೆ ನೇರ ಹಿಂದೆ ಅಲ್ಲದೆ ತುಸು ಓರೆಯಾಗಿ, ಅವಳ ಒಂದು ಕಣ್ಣಿಗೆ ಕಾಣುವಂತೆ ನಡೆದೆ. ಪಕ್ಕ ಬದಲಿಸುವಾಗ ಮಾತನಾಡುತ್ತ ದಾಟುತ್ತಿದ್ದೆ. ತಿರುಗಿಸುವಾಗ ಒಂದು ಕೈ ಕೇಳಿದಷ್ಟನ್ನು ಇನ್ನೊಂದು ಕೈ ಬಿಟ್ಟುಕೊಡಬೇಕು. ಇದನ್ನು ಮರೆತಾಗಲೆಲ್ಲ ಅವಳು ತಲೆ ಎತ್ತಿ ನಿಂತೇಬಿಡುತ್ತಿದ್ದಳು. ಒಂದು ಪಾಠ 15ರಿಂದ 20 ನಿಮಿಷ ಮೀರಲಿಲ್ಲ. ಬೆಳೆಯುತ್ತಿರುವ ಕೀಲುಗಳಿಗಾಗಿ ಸಣ್ಣ ವೃತ್ತಗಳನ್ನು ಪೂರ್ತಿ ಬಿಟ್ಟೆ. ಕಡಿವಾಣಕ್ಕೆ ಲಗಾಮು ಕಟ್ಟಿದ್ದು ಆರನೆಯ ವಾರದಲ್ಲಿ. ಆ ವೇಳೆಗೆ ನಿಲ್ಲಿಸಲು ಎಳೆಯಬೇಕಾಗಿರಲಿಲ್ಲ. ನಾನು ಹೆಜ್ಜೆ ನಿಧಾನಿಸಿ ಬೆರಳು ಮುಚ್ಚಿದರೆ ಸಾಕಾಗುತ್ತಿತ್ತು.

ಬೇಲಿಯ ಹೊರಗಿನ ದಾರಿಗೆ ಕರೆದೊಯ್ದ ದಿನ, ಮುಳ್ಳಿಗೆ ಸಿಕ್ಕಿ ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಪ್ಲಾಸ್ಟಿಕ್ ಚೀಲವನ್ನು ಕಂಡು ಅವಳು ನಿಂತಳು. ಮುಂದೆ ಯಾರೂ ಇರಲಿಲ್ಲ, ನಾನು ಹಿಂದಿದ್ದೆ. ಲಗಾಮುಗಳನ್ನು ಸಡಿಲವಾಗಿಯೇ ಬಿಟ್ಟು ಕಾದೆ. ಒಂದು ಕಿವಿ ಚೀಲದತ್ತ, ಇನ್ನೊಂದು ನನ್ನತ್ತ ತಿರುಗಿತು. ನಡೆ ಎಂದೆ. ತೊಡೆಗೆ ಹಗ್ಗ ತಾಗುತ್ತಿದ್ದರೂ ಬಾಲ ಬಿಗಿಯದೆ, ಅವಳು ಮುಂದಿನ ಹೆಜ್ಜೆ ಇಟ್ಟಳು.