ಮೂರು ದಾಳ, ಒಂದು ಹಳೆಯ ಸೀಸನ್: 1967ರ ಬೇಸ್‌ಬಾಲನ್ನು ಮನೆಯಲ್ಲೇ ಮತ್ತೆ ಆಡುವುದು ಹೇಗೆ?

ಶಾಲೆಯಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಂದೇ ಕೊರತೆ: ಗವಾಸ್ಕರ್‌ಗೂ ನಮ್ಮ ಚಂದ್ರಶೇಖರ್‌ಗೂ ಸಿಕ್ಸರ್ ಬೀಳುವ ಅವಕಾಶ ಒಂದೇ! ಹಾಲ್ ರಿಚ್‌ಮನ್ 1961ರಲ್ಲಿ ಅಮೆರಿಕದಲ್ಲಿ ಹೊರತಂದ, ಕಾರ್ಡು ಮತ್ತು ದಾಳದಿಂದ ಆಡುವ ಬೇಸ್‌ಬಾಲ್ ಆಟ ಸ್ಟ್ರ್ಯಾಟ್-ಒ-ಮ್ಯಾಟಿಕ್‌ನಲ್ಲಿ ಹಾಗಲ್ಲ. ಪ್ರತಿ ಆಟಗಾರನಿಗೂ ಒಂದು ಕಾರ್ಡ್. ಆ ವರ್ಷ ಅವನು ನಿಜಕ್ಕೂ ಹೇಗೆ ಆಡಿದನೋ ಅದಕ್ಕೆ ತಕ್ಕಂತೆ ಅದರಲ್ಲಿ ಫಲಿತಾಂಶಗಳು ತುಂಬಿರುತ್ತವೆ.

ಮೊದಲು ಸೀಸನ್ ಆರಿಸಿ. ನನ್ನ ಆಯ್ಕೆ 1967ರ ಅಮೆರಿಕನ್ ಲೀಗ್, ಅಲ್ಲಿನ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದು. ಬಾಸ್ಟನ್ 92 ಗೆಲುವು, ಡೆಟ್ರಾಯ್ಟ್ ಮತ್ತು ಮಿನ್ನೆಸೋಟ ತಲಾ 91, ಶಿಕಾಗೊ 89. ಲೀಗ್ ಗೆಲ್ಲುವವರು ಯಾರು ಅಂತ ಕೊನೆಯ ದಿನದವರೆಗೂ ಗೊತ್ತಿರಲಿಲ್ಲ.

ಇಡೀ ಲೀಗ್ ಆಡಲು ಹೊರಡಬೇಡಿ. 10 ತಂಡ, ತಲಾ 162 ಪಂದ್ಯ ಅಂದರೆ ಒಟ್ಟು 810. ದಿನಕ್ಕೊಂದು ಆಡಿದರೂ ಎರಡು ವರ್ಷ ದಾಟುತ್ತದೆ. ಬಾಸ್ಟನ್ ಒಂದನ್ನೇ ಹಿಡಿದರೆ 162. ಪಂದ್ಯಕ್ಕೆ ಅರ್ಧ ಗಂಟೆ ಅಂದುಕೊಂಡರೆ 81 ಗಂಟೆ, ಒಂದು ಮಳೆಗಾಲಕ್ಕೆ ಸಾಕು.

ಆಟ ನಡೆಯುವುದು ಹೀಗೆ. ಒಂದು ಬಿಳಿ ದಾಳ, ಎರಡು ಕೆಂಪು ದಾಳ ಒಟ್ಟಿಗೆ ಹಾಕಿ. ಬಿಳಿಯದರಲ್ಲಿ 1, 2, 3 ಬಿದ್ದರೆ ಬ್ಯಾಟರ್ ಕಾರ್ಡ್ ನೋಡಬೇಕು. 4, 5, 6 ಬಿದ್ದರೆ ಪಿಚರ್ (ಚೆಂಡು ಎಸೆಯುವವನು) ಕಾರ್ಡ್. ಆ ಅಂಕಿಯೇ ಕಾಲಂ. ಕೆಂಪು ದಾಳಗಳನ್ನು ಕೂಡಿದರೆ ಸಾಲು. ಬಿಳಿ 2, ಕೆಂಪು 3 ಮತ್ತು 4 ಬಿತ್ತು ಅನ್ನಿ: ಬ್ಯಾಟರ್ ಕಾರ್ಡಿನ ಎರಡನೇ ಕಾಲಂ, 7ನೇ ಸಾಲು. ಜಾಣತನ ಇರುವುದು ಇಲ್ಲೇ. ಎರಡು ದಾಳದಲ್ಲಿ 7 ಬರುವ ದಾರಿ 36ರಲ್ಲಿ ಆರು, 12 ಬರುವುದು ಒಂದೇ. ಹೋಮ್ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ) 7ರ ಸಾಲಿನಲ್ಲಿದೆಯೋ 12ರ ಸಾಲಿನಲ್ಲಿದೆಯೋ ಅನ್ನುವುದರಲ್ಲೇ ಆಟಗಾರನ ಯೋಗ್ಯತೆ ಅಡಗಿದೆ. ಕೆಲವು ಸಾಲುಗಳಲ್ಲಿ ಎರಡು ಫಲಿತಾಂಶ ಇರುತ್ತವೆ. ಆಗ 20 ಮುಖದ ದಾಳ ಹಾಕಿ ಒಂದನ್ನು ನಿರ್ಧರಿಸಿ. ಫೀಲ್ಡಿಂಗ್‌ಗೆ ಬೇರೆ ಚಾರ್ಟ್ ಇದೆ. ಆಡ್ತಾ ಆಡ್ತಾ ರೂಢಿಯಾಗುತ್ತದೆ.

ಮುಂದಿನದು ಶಿಸ್ತಿನ ಕೆಲಸ. ಹಳೆಯ ಪಂದ್ಯಗಳ ಪಟ್ಟಿ, ಅಂದಿನ ಬ್ಯಾಟಿಂಗ್ ಕ್ರಮ ಎಲ್ಲ ರೆಟ್ರೋಶೀಟ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅದನ್ನೇ ಅನುಸರಿಸಿ. ಇಲ್ಲದಿದ್ದರೆ ಇಡೀ ವರ್ಷ ಹತ್ತಿಪ್ಪತ್ತು ಸಲ ಬ್ಯಾಟ್ ಹಿಡಿದು ಅದೃಷ್ಟಕ್ಕೆ ಚೆನ್ನಾಗಿ ಹೊಡೆದವನನ್ನು ದಿನಾ ಆಡಿಸೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಅದು 1967 ಆಗಿ ಉಳಿಯುವುದಿಲ್ಲ. ಸ್ಕೋರನ್ನೂ ಅಂದಂದೇ ಪುಸ್ತಕಕ್ಕೆ ಏರಿಸಿ. ನಾನು ಒಮ್ಮೆ 12 ಪಂದ್ಯಗಳ ಹಾಳೆ ಗುಡ್ಡೆ ಹಾಕಿಟ್ಟು, ಯಾವುದು ಯಾವ ದಿನದ್ದು ಅಂತ ತಿಳಿಯದೆ ಅಷ್ಟನ್ನೂ ಮತ್ತೆ ಆಡಿದೆ.

ನಿಜವಾದ ಕಷ್ಟ ಆಗಸ್ಟ್ 18ಕ್ಕೆ ಬರುತ್ತದೆ. ಅಂದು ಬಾಸ್ಟನ್‌ನ ಟೋನಿ ಕೊನಿಗ್ಲಿಯಾರೊ ಮುಖಕ್ಕೆ ಚೆಂಡು ಬಡಿದು ಅವನ ಸೀಸನ್ ಮುಗಿಯಿತು. 95 ಪಂದ್ಯ, 20 ಹೋಮ್ ರನ್. ಕಾರ್ಡಿಗೇನು, ಪೆಟ್ಟು ಬಿದ್ದಿಲ್ಲ. ಆಡಿಸಬಹುದಲ್ವಾ? ನಾನಂತೂ ಕಾರ್ಡನ್ನು ಡಬ್ಬಿಗೆ ಹಾಕಿಬಿಡುತ್ತೇನೆ. ‘ಅವನು ಇದ್ದಿದ್ದರೆ’ ಅನ್ನುವ ಕುತೂಹಲ ಇರುವವರು ಆಡಿಸಲಿ, ಆದರೆ ಸೀಸನ್ ಶುರುವಾಗುವ ಏಪ್ರಿಲ್‌ನಲ್ಲೇ ತೀರ್ಮಾನಿಸಿ ಬರೆದಿಡಿ. ಸೋಲುವಾಗ ನಿಯಮ ಬದಲಿಸುವುದು ಸುಲಭ.

ಇದೆಲ್ಲ ಜಾಸ್ತಿ ಅನ್ನಿಸಿದರೆ ಕೊನೆಯ ಎರಡೇ ಪಂದ್ಯ ಆಡಿ ನೋಡಿ: ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1, ಫೆನ್‌ವೇ ಪಾರ್ಕ್. ಎದುರಾಳಿ ಮಿನ್ನೆಸೋಟ ಲೀಗ್ ಪಟ್ಟಿಯಲ್ಲಿ ಒಂದು ಪಂದ್ಯ ಮುಂದಿತ್ತು. ಬಾಸ್ಟನ್ ಎರಡನ್ನೂ ಗೆದ್ದಿತು, 6-4 ಮತ್ತು 5-3. ಆ ವರ್ಷ 44 ಹೋಮ್ ರನ್ ಹೊಡೆದಿದ್ದ ಕಾರ್ಲ್ ಯಾಸ್ಟ್ರೆಮ್ಸ್ಕಿಗೆ ಆ ಎರಡು ದಿನ 8ಕ್ಕೆ 7 ಹಿಟ್. ಎರಡನೇ ದಿನ, ಭಾನುವಾರ, ಆರನೇ ಇನಿಂಗ್ಸ್‌ಗೆ ಬಾಸ್ಟನ್ 0-2 ಹಿಂದೆ, ಮೊದಲು ಬ್ಯಾಟ್ ಹಿಡಿಯಬೇಕಾದವನು ಪಿಚರ್ ಜಿಮ್ ಲಾನ್‌ಬೋರ್ಗ್. ಅವನು ಬಂಟ್ ಮಾಡಿ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ) ಓಡಿ ಬೇಸ್ ಮುಟ್ಟಿದ. ಅಲ್ಲಿಂದ ಐದು ರನ್ ಬಂದವು. ನಿಮ್ಮ ಮೇಜಿನ ಮೇಲೂ ಆ ಗಳಿಗೆ ಬರಬಹುದು. ಅವನನ್ನೇ ಬ್ಯಾಟಿಗೆ ಕಳಿಸುತ್ತೀರೋ, ಬೆಂಚಿನಿಂದ ಇನ್ನೊಬ್ಬನನ್ನು ಎಬ್ಬಿಸುತ್ತೀರೋ, ಮೊದಲು ಅದನ್ನು ಹೇಳಿ. ಆಮೇಲೆ ದಾಳ ಹಾಕಿ.