ಮಳೆನಾಡಿನ ಮನೆಯಲ್ಲಿ ಹಳೆಯ ಸಿಂಥಸೈಜರ್ ಸಾಕುವ ಬಗೆ

ಹಳೆಯ ಸಿಂಥಸೈಜರ್ (ವಿದ್ಯುತ್ತಿನಿಂದ ನಾದ ಹೊರಡಿಸುವ ಕೀಲಿವಾದ್ಯ) ಕೊಳ್ಳಲು ಹೊರಟ ಚಿಕ್ಕಮಗಳೂರು, ಹಾಸನ ಕಡೆಯ ಸಂಗೀತಾಸಕ್ತರು ವಾದ್ಯಕ್ಕೆ ಹಣ ಹೊಂದಿಸುವ ಮೊದಲು ಅದನ್ನು ಇಡುವ ಕೋಣೆಯನ್ನು ಸಜ್ಜುಗೊಳಿಸುವುದು ಲೇಸು. ಆರಿದ್ರಾ ಮಳೆ ಹಿಡಿದಂದಿನಿಂದ ಆಶ್ಲೇಷ ಮುಗಿಯುವವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮನೆಗಳಲ್ಲಿ ಬೀರುವಿನೊಳಗಿನ ಬಟ್ಟೆ, ಚರ್ಮದ ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ನಲವತ್ತು ವರ್ಷ ಹಳೆಯದಾದ ಸರ್ಕ್ಯೂಟ್ ಬೋರ್ಡು ಮಾತ್ರ ಹೇಗೆ ಉಳಿದೀತು? ಅರಸೀಕೆರೆಯ ಬಯಲಿನವರಿಗೆ ತೇವಕ್ಕಿಂತ ಧೂಳಿನ ಕಾಟವೇ ಹೆಚ್ಚಾದ್ದರಿಂದ ಮುಂದಿನ ಮಾತುಗಳಲ್ಲಿ ಕೆಲವನ್ನು ಅವರು ಸಡಿಲಿಸಿಕೊಳ್ಳಬಹುದು.

ಮೊದಲು ಗಾಳಿಯ ತೇವಾಂಶ ತೋರಿಸುವ ಹೈಗ್ರೋಮೀಟರ್ ಒಂದನ್ನು ಕೋಣೆಯಲ್ಲಿ ತೂಗುಹಾಕಿ ಕೆಲವು ದಿನ ಗಮನಿಸಬೇಕು. ಕಾಫಿ ಬೆಳೆಗಾರರ ಮನೆಯಲ್ಲಿರುವ ಮಾಯಿಶ್ಚರ್ ಮೀಟರ್ ಬೀಜದ ತೇವವನ್ನು ಅಳೆಯುವ ಸಾಧನವಾದ್ದರಿಂದ ಇಲ್ಲಿ ಉಪಯೋಗಕ್ಕೆ ಬಾರದು. ಸೂಚಿ ಶೇ 45ರಿಂದ 55ರೊಳಗೆ ನಿಂತರೆ ವಾದ್ಯಕ್ಕೆ ಹಿತ. 70 ದಾಟಿ ವಾರಗಟ್ಟಲೆ ನಿಂತರೆ ಸ್ವಿಚ್ಚುಗಳ ತುದಿ, ಚಿಪ್ಪಿನ ಕಾಲು, ಸ್ಲೈಡರಿನ ಒಳಪಟ್ಟಿ ಒಂದೊಂದಾಗಿ ಕೆಡತೊಡಗುತ್ತವೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ 90 ತೇವವಿರುವ ಗಾಳಿಯನ್ನು ರೂಮ್ ಹೀಟರಿನಿಂದ 25 ಡಿಗ್ರಿಗೆ ಏರಿಸಿದರೆ ಸೂಚಿ ಸುಮಾರು 66ಕ್ಕೆ ಇಳಿಯುತ್ತದೆಯಾದರೂ ನೀರು ಕೋಣೆಯಲ್ಲೇ ಉಳಿದಿರುತ್ತದೆ, ಹೀಟರ್ ಆರಿಸಿದೊಡನೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದ್ದರಿಂದ ಕಿಟಕಿ ಬಾಗಿಲು ಸರಿಯಾಗಿ ಮುಚ್ಚುವ ಚಿಕ್ಕ ಕೋಣೆಯೊಂದನ್ನು ಆರಿಸಿ ಗಾಳಿಯ ತೇವವನ್ನು ಹೀರುವ ಡಿಹ್ಯುಮಿಡಿಫೈಯರ್ ಇಡುವುದೇ ನೆಟ್ಟಗಿನ ದಾರಿ. ಹೆಂಚಿನ ಮನೆಯ ಅಟ್ಟ, ಮಳೆಯ ಎರಚಲು ಬಡಿಯುವ ಪಡುವಣ ಗೋಡೆಯ ಬದಿ ಎರಡೂ ಬೇಡ. ಪ್ಲಾಸ್ಟಿಕ್ ಹೊದಿಕೆ ಒಳಗಿನ ತೇವವನ್ನು ಹೊರಬಿಡದೆ ಹಿಡಿದಿಡುವುದರಿಂದ ಹತ್ತಿಯ ಬಟ್ಟೆ ಹೊದಿಸಿದರೆ ಸಾಕು. ಇಷ್ಟೆಲ್ಲ ಮಾಡಿಯೂ ವಾದ್ಯವನ್ನು ಮುಟ್ಟದೆ ಬಿಟ್ಟರೆ ಅದು ಕೆಡುತ್ತದೆ. ವಾರಕ್ಕೆ ಒಂದೆರಡು ಬಾರಿ ಗಂಟೆ ಹೊತ್ತು ಚಾಲೂ ಮಾಡಿ, ಪ್ರತಿಯೊಂದು ಸ್ಲೈಡರನ್ನೂ ಮೇಲಿಂದ ಕೆಳಗೆ ಎಳೆದು, ಎಲ್ಲ ಕೀಲಿಗಳನ್ನೂ ಒತ್ತಿ ನುಡಿಸುವುದು ಮಳೆಗಾಲದಲ್ಲಿ ಯಾವ ಔಷಧಿಗೂ ಕಡಿಮೆಯಲ್ಲ.

ಎರಡನೆಯದು ವಿದ್ಯುತ್ತು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾದ ವಾದ್ಯ 100 ವೋಲ್ಟಿನದು, ಅಮೆರಿಕದ್ದು 120ರ ಆಸುಪಾಸಿನದು. ಮಾರುವವರ ಬಾಯಿಮಾತನ್ನು ನಂಬದೆ, ವಾದ್ಯದ ಬೆನ್ನಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಓದಿದ ಮೇಲೆಯೇ ಪ್ಲಗ್ ಮುಟ್ಟಬೇಕು. ಜಪಾನಿನದಕ್ಕೆ 230ರಿಂದ 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 110 ವೋಲ್ಟಿನದು ಸುಲಭವಾಗಿ ಸಿಗುತ್ತದೆಂದು ಅದನ್ನೇ ಹಾಕಿದರೆ ಒಳಗಿನ ರೆಗ್ಯುಲೇಟರುಗಳು ಸದಾ ಕಾದು ಬೇಗ ಸಾಯುತ್ತವೆ. ತೋಟದ ಮನೆಗಳಲ್ಲಿ ವೋಲ್ಟೇಜು ಏರಿಳಿಯುವುದರಿಂದ ಅದಕ್ಕೂ ಮುಂಚೆ ಸರ್ವೋ ಸ್ಟೆಬಿಲೈಸರ್ ಇರಲಿ. ಮನೆಯ ಇನ್ವರ್ಟರ್ ಸ್ಕ್ವೇರ್ ವೇವಿನದಾದರೆ ಹಳೆಯ ಟ್ರಾನ್ಸ್‌ಫಾರ್ಮರುಗಳು ಗುಂಯ್‌ಗುಡುತ್ತವೆ, ಬಿಸಿಯಾಗುತ್ತವೆ. ಕರೆಂಟು ಹೋದಾಗ ನುಡಿಸಲೇಬೇಕಾದರೆ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನೇ ಕೊಳ್ಳಬೇಕು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗುವುದುಂಟು, ಆಗಾಗ ನೀರು ಹೊಯ್ಯುತ್ತಿರಬೇಕು. ಸ್ಪೀಕರಿನಲ್ಲಿ ಹಮ್ ಬರುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕೀಳುವ ಚಾಳಿಯನ್ನು ಕಂಡಿದ್ದೇನೆ. ಅದು ಜೀವಕ್ಕೆ ಎರವಾಗುವ ಕೆಲಸ. ಗ್ರೌಂಡ್ ಲಿಫ್ಟ್ (ಆಡಿಯೊ ತಂತಿಯ ನೆಲಸಂಪರ್ಕವನ್ನಷ್ಟೇ ಕಡಿಯುವ ಸ್ವಿಚ್) ಇರುವ ಡಿಐ ಬಾಕ್ಸನ್ನು ಆಡಿಯೊ ತಂತಿಯಲ್ಲಿ ಸೇರಿಸಿದರೆ ಹಮ್ ಹೋಗುತ್ತದೆ, ಅರ್ಥಿಂಗೂ ಉಳಿಯುತ್ತದೆ. ಕಾಫಿಗೆ ಹೂಮಳೆ ಬರುವ ಕಾಲದಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗುಗಳನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು.

ಇನ್ನು ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆ. 1981ರ ರೋಲ್ಯಾಂಡ್ ಜುಪಿಟರ್-8 ಎಲ್ಲರ ಕನಸಿನ ವಾದ್ಯ. ಮುಂಬಯಿಯ ಸಂಗೀತಗಾರ ಚರಣಜಿತ್ ಸಿಂಗ್ ಅವರು 1982ರಲ್ಲಿ ರಾಗಗಳನ್ನು ಅದರಲ್ಲೇ ನುಡಿಸಿದರು. ಆದರೆ ರಿಪೇರಿ ಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿಗೋ ಅದರಾಚೆಗೋ ಹೋಗಬೇಕಾದ ಊರಿನಲ್ಲಿ ಅಷ್ಟು ಬೆಲೆಯ ವಾದ್ಯವನ್ನು ಮೊದಲ ಖರೀದಿಯಾಗಿ ತರುವುದು ನನ್ನ ದೃಷ್ಟಿಯಲ್ಲಿ ದುಡುಕು. 1983ರ ಯಮಾಹಾ ಡಿಎಕ್ಸ್7 ಡಿಜಿಟಲ್ ವಾದ್ಯವಾದ್ದರಿಂದ ಶ್ರುತಿ ಕದಲುವುದಿಲ್ಲ, ಅಪಾರ ಸಂಖ್ಯೆಯಲ್ಲಿ ತಯಾರಾದುದರಿಂದ ಬಿಡಿಭಾಗಗಳೂ ಸಿಗುತ್ತವೆ. ಅನಲಾಗ್ ನಾದವೇ ಬೇಕೆನ್ನುವವರಿಗೆ 1984ರ ರೋಲ್ಯಾಂಡ್ ಜುನೊ-106 ಒಳ್ಳೆಯ ಆಯ್ಕೆ, ಒಂದು ಎಚ್ಚರಿಕೆಯೊಡನೆ. ಅದರ ಆರು ಧ್ವನಿಗಳಿಗೆ (ಒಮ್ಮೆಗೆ ನುಡಿಯಬಲ್ಲ ಸ್ವರಗಳಿಗೆ) ಒಂದೊಂದರಂತೆ ಆರು 80017ಎ ಚಿಪ್ಪುಗಳಿದ್ದು, ಅವುಗಳ ಮೇಲೆ ಬಳಿದ ಕಪ್ಪು ರಾಳ ಕಾಲಕ್ರಮೇಣ ಕೆಟ್ಟು ಧ್ವನಿ ಚಟಪಟಿಸುತ್ತದೆ ಅಥವಾ ಪೂರ್ತಿ ನಿಂತುಹೋಗುತ್ತದೆ. ಕೊಳ್ಳುವ ಮುನ್ನ ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ಹಿಡಿದೇ ವಾದ್ಯವನ್ನು ಚಾಲೂ ಮಾಡಿದರೆ ಪರೀಕ್ಷಾ ಸ್ಥಿತಿ ತೆರೆದುಕೊಳ್ಳುತ್ತದೆ. ಒಂದೊಂದೇ ಕೀಲಿ ಒತ್ತುತ್ತ ಹೋದಂತೆ ಈಗ ನುಡಿಯುತ್ತಿರುವುದು ಎಷ್ಟನೆಯ ಧ್ವನಿಯೆಂದು ಪರದೆ ತೋರಿಸುತ್ತದೆ. ಆರನ್ನೂ ಕಿವಿಗೊಟ್ಟು ಕೇಳಿದ ಮೇಲೆ ಬೆಲೆಯ ಮಾತು. ಕೆಟ್ಟ ಚಿಪ್ಪಿಗೆ ಬದಲಿಯಾಗಿ ಹೊಸದಾಗಿ ತಯಾರಿಸಿದವು ಈಗ ಸಿಗುತ್ತವಾದ್ದರಿಂದ ಒಂದು ಧ್ವನಿ ಸತ್ತಿದೆಯೆಂದು ವಾದ್ಯವನ್ನೇ ಬಿಡಬೇಕಿಲ್ಲ, ಬೆಲೆಯಲ್ಲಿ ಅಷ್ಟನ್ನು ಇಳಿಸಿಕೊಳ್ಳಬೇಕು. ಹೊರದೇಶದಿಂದ ತರಿಸುವವರು ಬಳಸಿದ ವಸ್ತುವಿನ ಆಮದು ನಿಯಮ, ಸುಂಕ ಎರಡನ್ನೂ ಕಸ್ಟಮ್ಸ್ ಏಜೆಂಟರಲ್ಲಿ ವಿಚಾರಿಸಿಯೇ ಹಣ ಕಳುಹಿಸಲಿ.

1981ರ ಕಾರ್ಗ್ ಪಾಲಿಸಿಕ್ಸ್ ಸಿಕ್ಕರೆ ಮುಚ್ಚಳ ತೆಗೆಯದೆ ಕೊಳ್ಳಲೇಬಾರದು. ಅದರ ಕೆಎಲ್ಎಂ-367 ಎಂಬ ಬೋರ್ಡಿನ ಮೇಲೆ ಪ್ಯಾಚುಗಳ (ಹೊಂದಿಸಿ ಉಳಿಸಿಟ್ಟ ನಾದಗಳ) ನೆನಪನ್ನು ಕಾಯುವ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸುಗೆ ಹಾಕಿರುತ್ತಾರೆ. ವರ್ಷ ಕಳೆದಂತೆ ಅದು ಸೋರಿ, ಸುತ್ತ ಹಸಿರು ಬಿಳುಪಿನ ಹುಡಿ ಏಳುತ್ತದೆ. ಹುಡಿಯ ಕೆಳಗೆ ತಾಮ್ರದ ಗೆರೆಗಳು ಕಪ್ಪಾಗಿ, ಬೆರಳುಗುರಿನಿಂದ ಗೀರಿದರೆ ಎದ್ದು ಬರುವಷ್ಟು ಜೀರ್ಣವಾಗಿರುತ್ತವೆ. ಕಲೆ ಬ್ಯಾಟರಿಯ ಬುಡದಲ್ಲೇ ನಿಂತಿದ್ದರೆ ಬ್ಯಾಟರಿ ಕಳಚಿ, ಸೋರಿದ್ದು ಕ್ಷಾರವಾದ್ದರಿಂದ ಹತ್ತಿಗೆ ಬಿಳಿ ವಿನೆಗರ್ ಅದ್ದಿ ಒರೆಸಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಒಣಗಿಸಬಹುದು. ಗೆರೆಗಳು ತುಂಡಾಗಿದ್ದರೆ ಬೆಸುಗೆ ಬಲ್ಲವರಿಗೆ ಒಪ್ಪಿಸಬೇಕು. ಡಿಎಕ್ಸ್7ರಲ್ಲಿ ಲಿಥಿಯಂ ಬ್ಯಾಟರಿ ಇದ್ದು, ಫಂಕ್ಷನ್ ಒತ್ತಿ 14ನೆಯ ಗುಂಡಿಯಿಂದ ಅದರ ವೋಲ್ಟೇಜನ್ನು ನೋಡಬಹುದು.

ಶುಚಿ ಮಾಡುವ ಕೆಲಸ ಸರಳ. ಕರಕರ ಎನ್ನುವ ಸ್ಲೈಡರಿಗೆ ಎಲೆಕ್ಟ್ರಾನಿಕ್ಸಿಗೆಂದೇ ಮಾಡಿದ ಕಾಂಟ್ಯಾಕ್ಟ್ ಕ್ಲೀನರ್ ಬಳಸಬೇಕು, ಬೈಕಿನ ಚೈನಿಗೆ ಹೊಡೆಯುವ ಸ್ಪ್ರೇ ಬೇಡ. ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಬೇಕು, ತಂತಿ ಸುತ್ತಬಾರದು. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಭಾಗದ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಅಲ್ಲಿಗೆ ಕೈಹಾಕುವುದು ತಿಳಿದವರ ಕೆಲಸ.

ನುಡಿಸಾಣಿಕೆಯ ಮಾತಿಗೆ ಬಂದರೆ, ಮಿನಿಮೂಗ್‌ನಂಥ ವಾದ್ಯ ಬೆಚ್ಚಗಾಗುವವರೆಗೆ ಶ್ರುತಿಯಲ್ಲಿ ನಿಲ್ಲದು. ಚಳಿಗಾಲದ ಬೆಳಗ್ಗೆ ಅರ್ಧ ಗಂಟೆ ಮುಂಚೆ ಚಾಲೂ ಮಾಡಿ, ಆಮೇಲೆ ತಂಬೂರಿಗೆ ಕೂಡಿಸಬೇಕು. ಜುನೊದಲ್ಲಿ ಸ್ವರ ಹುಟ್ಟಿಸುವ ಡಿಸಿಓ ಆಂದೋಲಕಗಳು ಕ್ರಿಸ್ಟಲಿನಿಂದ ನಿಯಂತ್ರಿತವಾದ್ದರಿಂದ ಆ ತೊಂದರೆ ಇಲ್ಲ. ಗಾಯಕರ ಶ್ರುತಿ ಕಪ್ಪು ಒಂದು (ಸಿ ಶಾರ್ಪ್) ಆಗಿದ್ದರೂ ಕೀ ಟ್ರಾನ್ಸ್‌ಪೋಸ್ ಮಾಡಿಕೊಂಡು ರೂಢಿಯ ಕೀಲಿಗಳಲ್ಲೇ ನುಡಿಸಬಹುದು. ಭಾವಗೀತೆಯ ಹಿನ್ನೆಲೆಗೆ ಅದರ ತಂತಿವಾದ್ಯದಂಥ ಪ್ಯಾಚುಗಳು ಹೇಳಿಮಾಡಿಸಿದಂತಿವೆ. ರಾಗದ ಸಂಚಾರ ಬೇಕೆಂದರೆ ಪಾಲಿ 1 ಮತ್ತು ಪಾಲಿ 2 ಗುಂಡಿಗಳನ್ನು ಒಟ್ಟಿಗೆ ಒತ್ತಿ ಆರೂ ಧ್ವನಿಗಳನ್ನು ಒಂದೇ ಸ್ವರದಲ್ಲಿ ಕೂಡಿಸಬೇಕು. ಸ್ವರದಿಂದ ಸ್ವರಕ್ಕೆ ಜಾರಿಸುವ ಪೋರ್ಟಮೆಂಟೊ ಸೌಲಭ್ಯ ಜಾರನ್ನು ಕೊಡುತ್ತದೆಯೇ ಹೊರತು ಕಂಪಿತದಂಥ ಗಮಕವನ್ನಲ್ಲ, ಏಕೆಂದರೆ ಅದರ ಚಲನೆ ಯಾಂತ್ರಿಕ. ಸ್ವರವನ್ನು ಏರಿಳಿಸುವ ಹಿಡಿಯಾದ ಬೆಂಡರಿನ ಪಕ್ಕದ ಡಿಸಿಓ ಸ್ಲೈಡರನ್ನು ಪೂರ್ತಿ ಎಳೆತಕ್ಕೆ ಎರಡು ಅರ್ಧಸ್ವರ ಬರುವಂತೆ ಹೊಂದಿಸಿಕೊಂಡು, ಎಡಗೈಯಿಂದ ತೋಡಿಯ ಗಾಂಧಾರವನ್ನು ಆಡಿಸುವುದನ್ನು ನಿಧಾನವಾಗಿ ರೂಢಿಸಿಕೊಳ್ಳಬೇಕು.

ಧ್ವನಿಮುದ್ರಣಕ್ಕೆ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಪುಟ್ ಬಳಸಿ. ಜುನೊದ ಕೋರಸ್ (ಹಲವು ವಾದ್ಯ ಕೂಡಿದಂತೆ ನಾದವನ್ನು ದಟ್ಟವಾಗಿಸುವ ಸರ್ಕ್ಯೂಟ್) ಸ್ಟೀರಿಯೊ ಆಗಿರುವುದರಿಂದ ಎಡ ಬಲ ಎರಡನ್ನೂ ಹಿಡಿಯಬೇಕು. ಕೋರಸ್ಸಿನ ಜೊತೆ ಬರುವ ಸಣ್ಣ ಸುಯ್‌ದನಿ ದೋಷವಲ್ಲ, ಅದು ಆ ಸರ್ಕ್ಯೂಟಿನ ಸ್ವಭಾವ. ಬ್ಯಾಟರಿ ಬದಲಿಸುವ ಮುನ್ನ ಪ್ಯಾಚುಗಳ ನಕಲು ಕಡ್ಡಾಯ. ಡಿಎಕ್ಸ್7ರ 32 ಪ್ಯಾಚುಗಳು ವಾದ್ಯವನ್ನು ಕಂಪ್ಯೂಟರಿಗೆ ಬೆಸೆಯುವ ಮಿಡಿ ಸಂಪರ್ಕದ ಮೂಲಕ ಒಂದೇ ಸಲಕ್ಕೆ ಕಂಪ್ಯೂಟರಿಗೆ ಬರುತ್ತವೆ. ಪಾಲಿಸಿಕ್ಸಿನವು ಕ್ಯಾಸೆಟ್ಟಿಗೆಂದು ಇಟ್ಟ ಕಿಂಡಿಯಿಂದ ಕೀರಲು ಸದ್ದಾಗಿ ಹೊರಬರುತ್ತವೆ. ಆ ಸದ್ದನ್ನು ಎಂಪಿ3 ಮಾಡದೆ ವೇವ್ ಕಡತವಾಗಿಯೇ ಉಳಿಸಿ, ವಾದ್ಯದ ವೆರಿಫೈ ಗುಂಡಿಯಿಂದ ಒಮ್ಮೆ ತಾಳೆ ನೋಡಿದ ಬಳಿಕವೇ ಬ್ಯಾಟರಿಯನ್ನು ಮುಟ್ಟಬೇಕು.